ಐವನ್‌ಗೊಂದು ಕಲ್ಲಿನ ಗುಲಾಬಿ

ಪ್ರವಾಸ ಹೋಗಿದ್ದಾಗ ಇಂಗ್ಲೆಂಡಿನ ಒಂದು ಹಳ್ಳಿಯ ಚರ್ಚಿನ ಅಂಗಳದಲ್ಲಿ ಗೋರಿಯೊಂದನ್ನು ನೋಡುತ್ತ ಮೈಮರೆತು, ಫಿಲೋಮಿನಾ ಮತ್ತು ಅವಳ ಗಂಡ ಐವನ್ ಬಸ್ಸು ತಪ್ಪಿಸಿಕೊಂಡಿದ್ದರು. ಮುನ್ನೂರು ವರ್ಷ ಹಳೆಯದು. ಯಾರೋ ಉಣ್ಣೆ ವ್ಯಾಪಾರಿಯದಂತೆ. ಸುತ್ತಿಟ್ಟ ಬಟ್ಟೆಯ ಥಾನಿನಂಥ ಮುಚ್ಚಳ, ಪಕ್ಕಗಳಲ್ಲಿ ಗುಲಾಬಿ ಬಳ್ಳಿ. ಮಳೆಗೆ ಸತ್ತವನ ಹೆಸರು ಸವೆದುಹೋಗಿತ್ತು. ಗುಲಾಬಿಗಳು ಮಾತ್ರ ಆಗಷ್ಟೇ ಬಿರಿದಂತಿದ್ದವು.

"ನಂಗೂ ಇಂಥದ್ದೊಂದು ಮಾಡಿಸು," ಎಂದು ಐವನ್ ನಕ್ಕಿದ್ದ.

ಎರಡೇ ವರ್ಷದಲ್ಲಿ ಅವನು ತೀರಿಕೊಂಡ. ಸಮಾಧಿಕಲ್ಲಿನ ಅಂಗಡಿಯವರು ಕಂಪ್ಯೂಟರಿನಲ್ಲಿ ಹೂವಿನ ಚಿತ್ರಗಳನ್ನು ತೋರಿಸಿ, ಮೆಷಿನ್ ಬೇಗ ಕೊರೆದುಬಿಡುತ್ತದೆ ಎಂದರು. ಫಿಲೋಮಿನಾ ಎದ್ದು ಬಂದಳು. ತಾನೇ ಕೆತ್ತಬೇಕೆಂದು, ತಮ್ಮೂರಿಗೆ ಹತ್ತಿರದ ಮುಕಿಲ್ಟಿಯೊದಲ್ಲಿ ಕಲ್ಲು ಕೆತ್ತನೆ ಕಲಿಸುವ ಕ್ಲಾಸಿಗೆ ಸೇರಿದಳು. ತಮ್ಮೂರು ಕೆನ್ಮೋರಿನ ಮನೆಯ ಗ್ಯಾರೇಜಿನಲ್ಲಿ ಚಳಿಗಾಲವಿಡೀ ಉಳಿ, ಸುತ್ತಿಗೆಯ ಸದ್ದು. ಮೆತ್ತನೆಯ ಸುಣ್ಣಕಲ್ಲೇ ಆದರೂ ಒಂದು ಎಸಳು ಬಾಗುವಂತೆ ಮಾಡಲು ವಾರಗಟ್ಟಲೆ ಹಿಡಿಯಿತು. ಅಂಗೈ ಬೊಬ್ಬೆಯೆದ್ದಷ್ಟೂ ಆ ಹಳೆಯ ಶಿಲ್ಪಿಯ ಮೇಲೆ ಅವಳ ಗೌರವ ಹೆಚ್ಚಿತು.

ಹೂವು ಮುಗಿದು ಕೊನೆಯ ಎಲೆಗೆ ಬಂದಾಗ ಉಳಿ ಜಾರಿತು. ಎಲೆಯ ತುದಿ ಹಾರಿಹೋಯಿತು.

ಪಕ್ಕದ ಮನೆಯ ಗೆಳತಿ ಕೌಸಲ್ಯಾ ಕಾಫಿ ಹಿಡಿದು ಬಂದಾಗ ಫಿಲೋಮಿನಾ ಕಲ್ಲಿಗೆ ಬಟ್ಟೆ ಹೊದಿಸಿ ಕೂತಿದ್ದಳು.

"ಹಾಳಾಯ್ತು ಕಣೇ. ಮೆಷಿನ್‌ನಲ್ಲೇ ಮಾಡಿಸ್ತೀನಿ ಬಿಡು."

ಕೌಸಲ್ಯಾ ಗೋಡೆಗೆ ಅಂಟಿಸಿದ್ದ ಇಂಗ್ಲೆಂಡಿನ ಗೋರಿಯ ಫೋಟೋ ನೋಡುತ್ತ ನಿಂತಳು. "ಈ ಎಲೆ ಮೇಲಿರೋದು ಬಸವನಹುಳುನಾ?"

ಫಿಲೋಮಿನಾ ಅದನ್ನು ಎಷ್ಟೋ ಸಲ ನೋಡಿದ್ದಳು, ಅಂದಕ್ಕೆ ಇಟ್ಟದ್ದೆಂದುಕೊಂಡಿದ್ದಳು. ಈಗ ಎದ್ದು ಹತ್ತಿರ ಹೋದಳು. ಉಳಿದ ಎಲೆಗಳೆಲ್ಲ ಚೂಪಾಗಿ ಚಾಚಿದ್ದವು. ಇದೊಂದು ಮೋಟು. ಆ ಮೋಟಿನ ಮೇಲೇ ಹುಳು ಕೂತಿತ್ತು.

"ಆ ಶಿಲ್ಪಿ ಕೈಲೂ ಎಲೆ ಮುರಿದಿದೆ," ಎಂದಳು ಮೆಲ್ಲಗೆ. "ಎಷ್ಟು ಚೆಂದ ಮಾಡಿದಾನೆ ನೋಡು. ಚಿಪ್ಪಿನ ಸುರುಳಿ ನೋಡು."

"ಹಾಗಾದ್ರೆ ನೀನೂ ಒಂದು ಹುಳು ಕೂರಿಸು."

"ಐವನ್ ಬಿಡ್ತಾರಾ? ಅವರ ಬಸಳೆ ಎಲ್ಲಾ ತಿಂದು ಹಾಕ್ತಿದ್ದಿದ್ದು ಅವೇ."

ಇಬ್ಬರಿಗೂ ನಗು ಬಂತು. ಐವನ್ ಹೋದ ಮೇಲೆ ಫಿಲೋಮಿನಾ ಹಾಗೆ ನಕ್ಕಿರಲಿಲ್ಲ. ಕಣ್ಣೊರೆಸಿಕೊಂಡು ಬಟ್ಟೆ ಸರಿಸಿ ಸಣ್ಣ ಉಳಿ ಎತ್ತಿಕೊಂಡಳು.

ವಸಂತದಲ್ಲಿ ಐವನ್‌ನ ಸಮಾಧಿಯ ಮೇಲೆ ಕಲ್ಲು ನಿಲ್ಲಿಸಿದರು. ಮುರಿದ ಎಲೆಯ ಮೇಲೆ ಫಿಲೋಮಿನಾ ಕೆತ್ತಿದ ಹುಳುವಿನ ಒಂದು ಕೊಂಬು ತುಸು ದಪ್ಪವಾಗಿತ್ತು. ಕೌಸಲ್ಯಾ ಬಗ್ಗಿ ಅದನ್ನು ಬೆರಳಿಂದ ಸವರಿದಳು. ಪಾದ್ರಿಗಳು ಮೃತರಿಗಾಗಿ ಪ್ರಾರ್ಥಿಸತೊಡಗಿದಾಗ ಫಿಲೋಮಿನಾ ಗಂಡನ ಹೆಸರು ಹೇಳಿದಳು. ಆಮೇಲೆ, ಹೆಸರೂ ತಿಳಿಯದ ಆ ಕಲ್ಲುಕುಟಿಗನನ್ನೂ ಪ್ರಾರ್ಥನೆಗೆ ಸೇರಿಸಿಕೊಂಡಳು.