ಸಣ್ಣವ್ವ ಅತ್ತು ದಾಟಿದ ಕೋಟೆ

ಶಿವ ಮನುಷ್ಯನಿಗೆ ಮೂಗು ಕೊಟ್ಟದ್ದು ಉಸಿರಾಡಲಿಕ್ಕೆ. ರೋಣದ ಹತ್ತಿ ವ್ಯಾಪಾರಿ ಮನೆತನದ ಶಶಿಕಾಂತ ಮಾತ್ರ ಅದನ್ನು ಮುರಿಯಲಿಕ್ಕೇ ಕೊಟ್ಟದ್ದೆಂದು ತಿಳಿದಿದ್ದ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷ ಮುಗಿಸಿ, 2007ರ ಬೇಸಿಗೆ ಸೂಟಿಗೆ ಮನೆಗೆ ಬಂದವನಿಗೆ ಊರಿನಲ್ಲಿ ಒಂದೂ ಸರಿ ಕಾಣಲಿಲ್ಲ. ಬಸ್‌ಸ್ಟ್ಯಾಂಡಿನ ಚಹಾ ಬರೀ ಬಿಸಿನೀರು. ಹಳೆಯ ಗೆಳೆಯರ ಮಾತು ಜೋಳದ ಹೊಟ್ಟು. ಇನ್ನು ಮನೆಯವರೆಲ್ಲ ಆಯಿ ಅಂತ ಕರೆಯುವ ಅಜ್ಜಿ ಗೌರವ್ವ, ಬೆಳಗಾಗೆದ್ದು ಇಬತ್ತಿ ಧರಿಸಿ, ಬಾಗಿಲಿಗೆ ಬಂದ ನಾಯಿಗೂ “ಬಾರಪಾ ತಂದಿ” ಅನ್ನುವವಳು, ಅವಳಂತೂ ಅವನ ಲೆಕ್ಕಕ್ಕೇ ಇರಲಿಲ್ಲ.

ಅವನ ಜೀವವೆಲ್ಲ ಇದ್ದದ್ದು ಒಂದು ಆಟದಲ್ಲಿ. ಹಾಸ್ಟೆಲಿನಲ್ಲಿ ಕಲಿತದ್ದು. ಮೂರು-ನಾಲ್ಕು ಮಂದಿ ಮೇಜಿನ ಸುತ್ತ ಕೂಡಬೇಕು. ಪ್ರತಿಯೊಬ್ಬನೂ ಹಾಳೆಯ ಮೇಲೆ ತನ್ನದೊಂದು ಪಾತ್ರ ಕಟ್ಟಿಕೊಳ್ಳಬೇಕು: ಹೆಸರು, ಬಲ, ಆಯುಧ, ವಿದ್ಯೆ. ಒಬ್ಬ ಆಟ ನಡೆಸುವವ. ಅವನು ಎದುರಿಗೆ ಕೋಟೆ ಇದೆ, ರಾಕ್ಷಸ ಇದ್ದಾನೆ ಎಂದು ಕಥೆ ಹೇಳುತ್ತ ಹೋದಂತೆ ಉಳಿದವರು ತಮ್ಮ ಪಾತ್ರ ಏನು ಮಾಡಿತು, ಏನು ಮಾತಾಡಿತು ಎಂದು ಹೇಳಬೇಕು. ಗೆದ್ದರೋ ಸೋತರೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ; ದೊಡ್ಡ ಅಂಕಿ ಬಿದ್ದರೆ ಗೆಲುವು. ಆ ಹಾಸ್ಟೆಲಿನಲ್ಲಿ ಆಟ ನಡೆಸುವವನೆಂದರೆ ನರಗುಂದದ ಇರ್ಫಾನ, ಈಗ ಕೊನೆಯ ವರ್ಷಕ್ಕೆ ಬಂದವ. ಅವನ ಮೇಜಿನಲ್ಲಿ ಕೂಡುವುದೆಂದರೆ ಹುಡುಗರಿಗೆ ದೊಡ್ಡಸ್ತಿಕೆ. ಒಂದು ಜಾಗ ಖಾಲಿಯಾಗಿತ್ತು.

“ರವಿವಾರ ರೋಣಕ್ಕ ಬರತೇನಿ,” ಅಂತ ಇರ್ಫಾನ ಫೋನಿನಲ್ಲಿ ಹೇಳಿದ್ದ. “ನಿನ್ನ ಪಾತ್ರ ನನ್ನ ಕೋಟಿಯಿಂದ ಜೀವಂತ ಹೊರಗ ಬಂತಂದ್ರ ಆ ಜಾಗ ನಿಂದು. ಆದ್ರ ಒಬ್ಬನ್ನ ಇಟಗೊಂಡು ಆಟ ಆಗೂದಿಲ್ಲ. ಇನ್ನೊಬ್ಬರನ್ನ ಹುಡುಕಿ ಇಡು.”

ಆ ಇನ್ನೊಬ್ಬರಿಗಾಗಿ ಶಶಿಕಾಂತ ಊರೆಲ್ಲ ತಿರುಗಿದ. ಯಾರೂ ಮನಸ್ಸಿಗೆ ಬರಲಿಲ್ಲ. ಕಡೆಗೆ ರೋಣದಲ್ಲೇ ಬಿ.ಎ. ಓದುತ್ತಿದ್ದ ಚಿಕ್ಕಪ್ಪನ ಮಗಳು ಉಮಾಶ್ರೀಯನ್ನು, ಮನೆಯಲ್ಲಿ ಬೇರೆ ಗತಿ ಇಲ್ಲ ಅನ್ನುವ ಹಾಗೆ ಕರೆದ. “ನೀ ಸುಮ್ನ ನನ್ನ ಹಿಂದ ಬಂದ್ರ ಸಾಕು, ಉಮಿ. ಏನೂ ತಿಳಕೊಳ್ಳೂದು ಬ್ಯಾಡ.”

“ಆತಪಾ, ಶಾಣ್ಯಾ,” ಅಂದಳು ಅವಳು.

ರವಿವಾರ ಮಧ್ಯಾಹ್ನ ಇರ್ಫಾನ ಬಂದ. ಪಡಸಾಲೆಯಲ್ಲಿ ಮೊರ ಹಿಡಿದು ಕಡ್ಲಿ ಹಸನು ಮಾಡುತ್ತ ಕೂತಿದ್ದ ಗೌರವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, “ಯಾರ ಮಗ ಅಪ್ಪಾ?” ಅಂದಳು.

“ನರಗುಂದದ ಕಾಶೀಂಸಾಬರ ಮಗಾರಿ, ಆಯಿ. ಗಾದಿ ಹೊಲಿಯೋರು.”

“ಅಯ್ಯ, ನಾ ಮಲಗೂ ಗಾದಿ ನಿಮ್ಮಪ್ಪನ ಕೈಲೆ ಆದದ್ದು. ಕೂಡಪಾ, ತಂದಿ.”

ಶಶಿಕಾಂತನಿಗೆ ನಾಚಿಕೆಯಾಯಿತು. ಇಷ್ಟು ದೊಡ್ಡ ಆಟಗಾರ ಮನೆಗೆ ಬಂದರೆ ಇವಳಿಗೆ ಗಾದಿಯ ಚಿಂತೆ!

ಪಡಸಾಲೆಗೆ ಹತ್ತಿದ ಕೋಣೆಯಲ್ಲಿ ಮೂವರೂ ಕೂತರು. ಆಟಕ್ಕೆ ಮೊದಲು ಪಾತ್ರ. ಶಶಿಕಾಂತನದು ತಯಾರೇ ಇತ್ತು, ವಜ್ರಕೇತು. ಬಲ ಭರ್ತಿ, ಎರಡು ಕೈಯ ಖಡ್ಗ, ಉರಿಯುವ ಕವಚ. ತಂದೆ ಇಲ್ಲ, ತಾಯಿ ಇಲ್ಲ, ಊರಿಲ್ಲ. ವೀರನಿಗೆ ಹಿಂದುಮುಂದು ಯಾಕೆ ಬೇಕು? ಇರ್ಫಾನ ಹಾಳೆ ನೋಡಿ, “ಚಲೋ ಐತಿ,” ಅಂದ. ಇಂಥವು ಅವನು ಬಂಡಿಗಟ್ಟಲೆ ನೋಡಿದ್ದ.

ಉಮಾಶ್ರೀ ಪೆನ್ನಿನ ತುದಿ ಕಡಿಯುತ್ತ ಕೇಳಿದಳು: “ಇರ್ಫಾನಣ್ಣ, ಯಾರ ಬೇಕಾದ್ರೂ ಆಗಬಹುದೇನು?”

“ಯಾರ ಬೇಕಾದ್ರೂ.”

“ಹಂಗಾರ ನಂದು ಸಣ್ಣವ್ವ. ಮುದುಕಿ. ಬೆನ್ನು ಬಾಗೇತಿ. ಕೈಯಾಗ ಊರಕೊಂಡು ನಡಿಯೂ ಒಂದು ಬಡಗಿ, ಕೋಲು. ಸತ್ತವರ ಮುಂದ ಕೂತು ಹಾಡ್ಯಾಡಿ ಅಳೂದು ಆಕಿ ವಿದ್ಯಾ.”

ಶಶಿಕಾಂತ ಹಣೆ ಬಡಿದುಕೊಂಡ. “ಏ ಉಮಿ! ಕೋಟಿ ಗೆಲ್ಲಾಕ ಹೊಂಟೇವಿ, ಮಣ್ಣಿಗೆ ಅಲ್ಲ! ಭಾಯ್, ಈಕಿ ಮಾತ ಬಿಡ್ರಿ, ನಾ ಒಂದು ಬಿಲ್ಲುಗಾರ್ತಿ ಬರದು ಕೊಡತೇನಿ.”

“ಇರಲಿ ತಡಿ,” ಅಂದ ಇರ್ಫಾನ. ಹುಬ್ಬು ಮೇಲೇರಿತ್ತು. “ಪ್ರತಿ ಪಾತ್ರಕ್ಕೂ ಒಂದು ವಿಶೇಷ ಶಕ್ತಿ ಇರಬೇಕು, ತಂಗಿ. ನಿನ್ನ ಮುದುಕಿದೇನು?”

ಉಮಾಶ್ರೀ ಪಡಸಾಲೆಯ ಕಡೆ ನೋಡಿದಳು. ಸಾವಿನ ಮನೆಗೆ ಮಾತಾಡಿಸಲು ಹೋದಾಗಲೆಲ್ಲ ಹೊರಡುವ ಹೊತ್ತಿಗೆ ಆಯಿ ಅವಳ ರಟ್ಟೆ ಹಿಂಡಿ ಬಾಯಿ ಮುಚ್ಚಿಸುತ್ತಿದ್ದದ್ದು ನೆನಪಿಗೆ ಬಂತು. ಬೇರೆ ಮನೆಯಿಂದ ಏಳುವಾಗ “ಬರತೇನಿ” ಅನ್ನಬೇಕು, ಸತ್ತವರ ಮನೆಯಲ್ಲಿ ಅನ್ನಬಾರದು. ಸುಮ್ಮನೆ ಎದ್ದು ಬರಬೇಕು. ಅಂದುಬಿಟ್ಟರೆ ಸಾವು ಅದನ್ನು ಕರಾರು ಅಂತ ತಿಳಿಯುತ್ತದೆ.

“ಸಣ್ಣವ್ವ ಅತ್ತ ಹೆಣದ ಮುಂದ ಯಾರರ ‘ಬರತೇನಿ’ ಅಂದ್ರ,” ಅಂದಳು, “ಅವರು ಆ ಹೆಣದ ಕಡೆ ತಿರುಗಿ ಬರಬೇಕು. ಅದ ಆಕಿ ಶಕ್ತಿ.”

ಇರ್ಫಾನ ನಗಲಿಲ್ಲ. ಹಾಳೆಯ ಮೇಲೆ ಬರೆದುಕೊಂಡ. ನಕ್ಕವನು ಶಶಿಕಾಂತ. ಆಯಿಯ ಮೂಢನಂಬಿಕೆಗೂ ಆಯುಧದ ಪಟ್ಟ ಬಂತಲ್ಲ!

ಆಟ ಸುರುವಾಯಿತು. ಇರ್ಫಾನನ ಕೋಟೆ ಗಜೇಂದ್ರಗಡದ ಗುಡ್ಡದಂತೆ ಕಡಿದಾಗಿತ್ತು. ಮೊದಲ ಬಾಗಿಲಿಗೆ ಒಬ್ಬ ಕಾವಲುಗಾರ ರಾಕ್ಷಸ. ವಜ್ರಕೇತು ಒಂದೇ ಏಟಿಗೆ ಅವನನ್ನು ಕೆಡವಿದ. ದಾಳ ಅಂಗೈಯಲ್ಲಿ ಕುಣಿಯಿತು, ಶಶಿಕಾಂತನ ಎದೆ ಉಬ್ಬಿತು. “ನಡೀರಿ ಮುಂದ!”

“ಸಣ್ಣವ್ವ ಕೂತಳು,” ಅಂದಳು ಉಮಾಶ್ರೀ.

“ಯಾಕ?”

“ಹೆಣ ಬಿದ್ದೈತಿ. ಸುಮ್ನ ದಾಟಿ ಹೋಗಾಕ ಬರತೈತೇನು?” ಅಂದವಳೇ ಸೆರಗು ಬಾಯಿಗಿಟ್ಟುಕೊಂಡಂತೆ ಮಾಡಿ, ಮೇಲುದನಿಯಲ್ಲಿ ಎಳೆದಳು:

“ಬಾಗಲಾ ಕಾದ್ಯಲ್ಲೋ ನನ್ನಪ್ಪಾ… ಒಳಗೇನೈತೆಂತ ಒಮ್ಮೆರ ನೋಡಿದ್ಯೇನೋ… ಹೆಗಲಿನ ಬುತ್ತಿ ಬಿಚ್ಚಲಿಲ್ಲಲ್ಲೋ… ಕಟ್ಟಿಕೊಟ್ಟಾಕಿ ಗಂಟು ನೋಡಿ ಏನಂದಾಳೋ…”

ಮೊರದ ಸದ್ದು ನಿಂತಿತು. ಗೌರವ್ವ ಕತ್ತು ಚಾಚಿ, “ಯಾರು ಹೋದ್ರವ್ವಾ?” ಅಂದಳು.

“ಯಾರೂ ಇಲ್ಲ ಆಯಿ! ಕಾಗದದಾಗಿನ ರಾಕ್ಷಸ!” ಅಂತ ಶಶಿಕಾಂತ ಒದರಿದ.

“ಅವಂದೂ ಜೀವ ಅಲ್ಲೇನೋ?” ಅಂದಳು ಆಯಿ, ಕಡ್ಲಿಯಲ್ಲಿನ ಹರಳು ಆರಿಸಿ ಎಸೆಯುತ್ತ. ಶಿವನ ಮನೆಯಲ್ಲಿ ಬಾಗಿಲು ಕಾಯುವವರೂ ದೊಡ್ಡವರೇ ಎಂದು ಬಲ್ಲವಳು ಅವಳು.

ಶಶಿಕಾಂತನ ಮೈ ಉರಿಯಿತು. ಹುಬ್ಬಳ್ಳಿಯ ಮೇಜಿನಲ್ಲಿ ರಾಕ್ಷಸರನ್ನು ಹುಲ್ಲಿನ ಹಾಗೆ ಕೊಯ್ಯುತ್ತಾರೆ. ಇಲ್ಲಿ ಒಂದು ಜುಜುಬಿ ಕಾವಲುಗಾರನಿಗೆ ಇಷ್ಟು ಸಂಭ್ರಮ. ಅವನು ಎದ್ದು ನಿಂತು, ನೆಲಕ್ಕೆ ಬಗ್ಗಿ ಸಲಾಮು ಹೊಡೆದು, ನಾಟಕದ ದನಿ ತೆಗೆದ. “ಆತ್ರಿ ಬಾಗಿಲ ಕಾಯೂ ಮಹಾರಾಜರ! ನಿಮ್ಮ ಬುತ್ತಿ ಹಳಸಿ ನಾರಾಕ ಹತ್ತೇತಿ. ವಜ್ರಕೇತು ಬರತೇನ್ರಿ!”

“ಏ!” ಅಂದಳು ಗೌರವ್ವ ಪಡಸಾಲೆಯಿಂದಲೇ. “ಹಂಗನಬಾರದು! ತಪ್ಪಾತಂತ ಅನ್ನು.”

“ನಿನ್ನ ಕಡ್ಲಿ ನೋಡಕೊ ಆಯಿ.”

ಇರ್ಫಾನ ಒಂದು ಕ್ಷಣ ಶಶಿಕಾಂತನ ಮುಖ ನೋಡಿದ. ಕಥೆ ಮುಂದುವರಿಸಿದ.

ಆಮೇಲಿನದೆಲ್ಲ ವಜ್ರಕೇತುವಿನ ಪವಾಡ. ಹಾವಿನ ಭಾವಿ ಜಿಗಿದ. ಕಲ್ಲಿನ ಆನೆಯ ಸೊಂಡಿಲು ಕತ್ತರಿಸಿದ. ಸಣ್ಣವ್ವ ಹಿಂದಿನಿಂದ ಬಡಗಿ ಊರಿಕೊಂಡು ಬರುತ್ತ, ಸತ್ತ ಪ್ರತಿಯೊಂದರ ಬಳಿ ಕೂತು ಎರಡು ಮಾತು ಹಾಡಿ, ಸದ್ದಿಲ್ಲದೆ ಎದ್ದು, ತಿರುಗಿ ನೋಡದೆ ನಡೆಯುತ್ತಿದ್ದಳು. ಶಶಿಕಾಂತ ಪ್ರತಿ ಸಲವೂ ಆಕಳಿಸಿದ. ಕಡೆಗೆ ಕೋಟೆಯ ನಡುವೆ ಹುದುಗಿದ್ದ ಮಾಯದ ಮಣಿ ಕೈಗೆ ಬಂತು. ಮಣಿ ಕಿತ್ತ ಕೂಡಲೇ ಕೋಟೆ ಕುಸಿಯತೊಡಗಿತು. ಇಬ್ಬರೂ ಓಡಿದರು. ಎದುರಿಗೆ ಅದೇ ಮೊದಲ ಬಾಗಿಲು, ಹೊರಗೆ ಬಿಸಿಲು.

“ದಾಟಿದೆ!” ಅಂದ ಶಶಿಕಾಂತ. ಹುಬ್ಬಳ್ಳಿಯ ಮೇಜು, ಖಾಲಿ ಕುರ್ಚಿ ಅವನ ಕಣ್ಣಿಗೆ ಕಟ್ಟಿತು.

“ಒಂದು ಕಾಲು ಹೊಸ್ತಿಲ ಹೊರಗೈತಿ,” ಅಂದ ಇರ್ಫಾನ ನಿಧಾನಕ್ಕೆ. “ಹಿಂದಿಂದ ಒಂದು ದನಿ. ‘ಬರತೇನಿ ಅಂದಿದ್ರಲ್ಲರಿ ವಜ್ರಕೇತು? ಬುತ್ತಿ ಬಿಚ್ಚೇನಿ. ಬರ್ರಿ.’ ನಿನ್ನ ಕಾಲು ಮುಂದಕ್ಕ ಏಳವಲ್ದು.”

ಶಶಿಕಾಂತ ದಾಳ ಕುಕ್ಕಿದ.

“ಭಾಯ್, ಅದು ಚ್ಯಾಷ್ಟಿ! ನಗಾಕ ಅಂದದ್ದು!”

“ಮಾತು ವಜ್ರಕೇತುಂದೋ ಅಲ್ಲೋ?”

“ಖಡ್ಗಲೆ ಹೊಡಿತೇನಿ.”

“ಸತ್ತವನ್ನ ಇನ್ನೆಷ್ಟು ಸಲ ಸಾಯಿಸ್ತಿ?”

ಉಮಾಶ್ರೀ ಬಾಯಿಬಿಟ್ಟಳು. “ಇರ್ಫಾನಣ್ಣ, ಸಣ್ಣವ್ವ ಆ ಹೆಣಕ್ಕ ಅತ್ತಾಳ. ಬಿಡಪಾ ಅಂತ ಆಕಿ ಕೇಳಿಕೊಂಡ್ರ ಬಿಡತಾನೋ?”

ಇರ್ಫಾನ ಯೋಚಿಸಿದ. “ಬಿಡತಾನ. ಆದ್ರ ಅಂದಾವ ತಾನ ಕೈಮುಗಿದು, ನನ್ನದು ತಪ್ಪಾತು ಅನಬೇಕು. ಅಷ್ಟ.”

ಎಲ್ಲರೂ ಶಶಿಕಾಂತನನ್ನು ನೋಡಿದರು. ಎರಡು ಮಾತು, ಅಷ್ಟೇ. ಅಂದುಬಿಟ್ಟರೆ ಹುಬ್ಬಳ್ಳಿಯ ಮೇಜು ಅವನದು. ಅವನಿಗೂ ಅದು ಗೊತ್ತಿತ್ತು, ಕೈಗಳು ಸ್ವಲ್ಪ ಎದ್ದವು ಕೂಡ. ಆದರೆ ಪಡಸಾಲೆಯಿಂದ ಆಯಿ, “ಅನ್ನಪಾ, ದೊಡ್ಡಾವ ಆಗತಿ,” ಅಂದದ್ದೇ ತಡ, ಅವನ ಮೂಗು ತನ್ನ ಹಳೆಯ ಚಾಳಿಗೆ ಬಂತು. ಒಂದು ಮುದುಕಿಯ ಮಾತು ಕೇಳಿ, ಇನ್ನೊಂದು ಕಾಗದದ ಮುದುಕಿಯ ದಯೆಯಿಂದ, ಹೆಸರೂ ಇಲ್ಲದವನ ಮುಂದೆ?

“ಬಾಗಿಲ ಕಾಯೋನ ಹೆಣಕ್ಕ ವಜ್ರಕೇತು ಕೈಮುಗಿಯೂದಿಲ್ಲ,” ಅಂದ. “ದಾಳ ಉರಳಸ್ತೇನಿ. ಕಾಲು ಕಿತ್ತಕೋತೇನಿ.”

ಉರುಳಿಸಿದ. ಎರಡು ಬಿತ್ತು.

“ವಜ್ರಕೇತು ತಿರುಗಿ ಹೋದ,” ಅಂದ ಇರ್ಫಾನ. “ಬುತ್ತಿ ಮುಂದ ಕೂತ. ಬಾಗಿಲು ಅವರ ಮ್ಯಾಲೆ ಬಿತ್ತು. ಸಣ್ಣವ್ವ ಬಡಗಿ ಊರಕೊಂಡು ಹೊರಗ ಬಂದಳು.”

ಉಮಾಶ್ರೀ ವಜ್ರಕೇತುವಿನ ಹಾಳೆ ಎಳೆದುಕೊಂಡು, “ಅಳಬೇಕಲ್ಲಾ, ಈತನ ಊರು ಯಾವದು, ಅವ್ವ ಯಾರು?” ಅಂತ ಹುಡುಕಿದಳು. ಬರೀ ಖಡ್ಗ, ಕವಚ. “ಏನಂತ ಅಳಲೋ ಅಣ್ಣಾ? ಇವ ಬರೇ ಗುಜರಿ ಅಂಗಡಿ ಇದ್ದಂಗದಾನ.”

ಶಶಿಕಾಂತ ಹಾಳೆ ಕಿತ್ತುಕೊಂಡ. ತಡವರಿಸುತ್ತ ಕೇಳಿದ, “ಭಾಯ್, ಆ ಜಾಗ…?”

ಇರ್ಫಾನ ದಾಳಗಳನ್ನು ಚೀಲಕ್ಕೆ ತುಂಬುತ್ತಿದ್ದ. “ಸಣ್ಣವ್ವಂದು. ತಂಗಿ ಹುಬ್ಬಳ್ಳಿಗೆ ಬರೂಹಂಗಿದ್ರ ನಾಳೆನ ಕೂಡಸತಿದ್ದೆ. ಬರೂದಾಗದಿದ್ರ ಆ ಕುರ್ಚಿ ಖಾಲಿ ಇರಲಿ. ಯಾರರ ಕೇಳಿದ್ರ, ರೋಣದ ಮುದುಕಿದು ಅಂತ ಹೇಳತೇನಿ.”

ನರಗುಂದದ ಬಸ್ಸಿನ ಹೊತ್ತಾಗಿತ್ತು. ಇರ್ಫಾನ ಎದ್ದ. ಗೌರವ್ವ ಹಿಡಿ ಕಡ್ಲಿ ಕೊಟ್ಟಳು, ಅವನು ಎರಡೂ ಕೈಯೊಡ್ಡಿ ಇಸಿದುಕೊಂಡ. ಶಶಿಕಾಂತ ಬಾಗಿಲ ತನಕ ಹಿಂಬಾಲಿಸಿದ. ಹೋಗುವವನು ಈಗ ಹೊಸ್ತಿಲಲ್ಲಿ ನಿಂತು ಅನ್ನುವ ಒಂದು ಮಾತಿಗೆ ಕಾದ. ಬರತೇನಿ ಅಂದರೆ ಸಾಕು, ಇನ್ನೊಂದು ರವಿವಾರ, ಇನ್ನೊಂದು ಕೋಟೆ ಉಂಟು.

ಇರ್ಫಾನ ಆಯಿಗೆ ತಲೆಬಾಗಿದ. ಉಮಾಶ್ರೀಗೆ ನಕ್ಕ. ಆಮೇಲೆ ಶಶಿಕಾಂತನ ಕೈಯಲ್ಲಿ ಮುದುಡಿದ್ದ ವಜ್ರಕೇತುವಿನ ಹಾಳೆಯನ್ನು ನೋಡಿ, ಒಂದೂ ಮಾತಾಡದೆ, ಸಾವಾದ ಮನೆಯಿಂದ ಎದ್ದು ಬರುವವರ ಹಾಗೆ ಹೊಸ್ತಿಲು ದಾಟಿದ. ಓಣಿಯ ತುದಿಯವರೆಗೂ ತಿರುಗಿ ನೋಡಲಿಲ್ಲ.

“ತಿಳದ ಹುಡುಗ,” ಅಂದಳು ಗೌರವ್ವ, ಮೊರ ಕೈಗೆ ತೆಗೆದುಕೊಳ್ಳುತ್ತ.