ಮೂರು ಔಷಧಿಗಳ ಪಂಚಾಯಿತಿ

ಜೇಬು ತಡಕದೆ ಬಟ್ಟೆ ನೆನೆಹಾಕುವ ಜಾಯಮಾನ ಅವಳದಲ್ಲ. ಅಂದು ಬೆಳಿಗ್ಗೆ ಗಂಡನ ಪ್ಯಾಂಟನ್ನು ಸೋಪಿನ ನೀರಿಗೆ ಅದ್ದುವ ಮುಂಚೆ ಕೈ ಹಾಕಿದರೆ ಖಾಲಿ ಮಾತ್ರೆ ಹಾಳೆಗಳು ಚರಪರ ಎಂದವು. ಒಂದಲ್ಲ, ನಾಲ್ಕು. ಬಟ್ಟೆಯನ್ನು ಅಲ್ಲೇ ಬಿಟ್ಟು ಒದ್ದೆ ಕೈಯಲ್ಲೇ ಅಡುಗೆಮನೆಗೆ ಬಂದಳು.

ಅವನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ಮುನ್ನೂರು ಜನರ ಊಟ. ಪ್ರತಿ ಪಾತ್ರೆಯಿಂದಲೂ ಒಂದು ಚಮಚ ಅವನ ನಾಲಿಗೆ ದಾಟಿಯೇ ಹೊರಗೆ ಹೋಗಬೇಕು. ನಾಲ್ಕು ತಿಂಗಳಿಂದ ಎದೆಯುರಿ. ಆಸ್ಪತ್ರೆಯ ಮಾತೆತ್ತಿದರೆ, "ರುಚಿ ನೋಡೋದು ಬಿಡು ಅಂದ್ಬಿಟ್ರೆ ನನ್ನ ಸೌಟು ಇನ್ನೊಬ್ಬನ ಕೈಗೆ ಹೋಗುತ್ತೆ" ಎಂದು ಎದ್ದುಬಿಡುತ್ತಿದ್ದ.

"ಏನ್ರೀ ಇದು?" ಹಾಳೆಗಳನ್ನು ಅವನ ತಟ್ಟೆಯ ಪಕ್ಕ ಹರಡಿದಳು.

ಸಿಕ್ಕಿಬಿದ್ದವನು ಹಲ್ಲು ಕಿರಿದ. ಸಿರಪ್ಪಿನ ಬಾಟಲಿ, ಕ್ಯಾಪ್ಸೂಲಿನ ಡಬ್ಬಿಯನ್ನೂ ತಂದು ಸಾಲಾಗಿಟ್ಟ. "ಸಿರಪ್ಪು ನಿಮ್ಮಣ್ಣ ಹೇಳಿದ್ದು. ಗುಟುಕರಿಸಿದ ಕೂಡಲೇ ತಂಪು, ಗಂಟೆ ಕಳೆದ್ರೆ ಮತ್ತೆ ಬೆಂಕಿ. ಥೇಟ್ ನಿಮ್ಮಣ್ಣನ ಮಾತಿನ ಹಾಗೆ! ಈ ಜಗಿಯೋ ಮಾತ್ರೆ ಜೇಬಿಗೆ ಅನುಕೂಲ, ಆದ್ರೆ ಬಾಯೆಲ್ಲ ಸುಣ್ಣ, ಉಪ್ಪೇ ಗೊತ್ತಾಗಲ್ಲ. ಕ್ಯಾಪ್ಸೂಲು ನಿಧಾನ, ಆದ್ರೆ ದಿನಪೂರ್ತಿ ಉರಿ ಬರದ ಹಾಗೆ ಕಾಯುತ್ತಂತೆ."

"ಊಟಕ್ಕೆ ಅರ್ಧ ಗಂಟೆ ಮುಂಚೆ ಅಂತ ಡಬ್ಬಿ ಮೇಲೇ ಇದೆ. ನೀವು ಯಾವಾಗ ನುಂಗ್ತೀರಿ?"

"ರುಚಿ ನೋಡಿ ಮುಗಿದ್ಮೇಲೆ."

"ಊರು ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ!"

ಇಬ್ಬರೂ ನಕ್ಕರು. ಆದರೆ ಅವಳ ಕೈ ಸುಮ್ಮನಿರಲಿಲ್ಲ. ಬಾಟಲಿಯನ್ನು ಆಚೆ ಸರಿಸಿದಳು, ಡಬ್ಬಿಯನ್ನು ಈಚೆ ಎಳೆದಳು, ಮತ್ತೆ ಬಾಟಲಿಯನ್ನೇ ಮುಂದಿಟ್ಟಳು. ಮೂರರಲ್ಲಿ ಸರಿಯಾದುದೊಂದನ್ನು ಆರಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬಂತೆ. ಒಳಗೆ ಮಾತ್ರ ಏನೋ ಕುಟುಕುತ್ತಿತ್ತು. ಪ್ಯಾಂಟು ಜಾರುತ್ತದೆಂದು ಅವನ ಬೆಲ್ಟಿಗೆ ಹೊಸ ತೂತು ಕೊರೆದುಕೊಟ್ಟವಳು ಅವಳೇ ಅಲ್ಲವೇ?

ಎದುರಿಗೆ ಎಂಟು ವರ್ಷದ ಮಗಳು ಗುಬ್ಬಿ, ಒಂದೇ ಕಾಲಿಗೆ ಬೂಟು ಹಾಕಿಕೊಂಡು ಕೂತಿದ್ದಳು. ವಾರದಿಂದ ಅಪ್ಪನ ತಟ್ಟೆಯನ್ನೇ ನೋಡುವುದು, ಏನೋ ಕೇಳಲು ಬಾಯಿ ತೆರೆಯುವುದು, ಮುಚ್ಚುವುದು ನಡೆದಿತ್ತು.

ಅವನು ಒಂದು ತುತ್ತು ಬಾಯಿಗಿಟ್ಟ. ಅಗಿದ. ನೀರು ಕುಡಿದ. ಎದೆಯ ನಡುವೆ ಮುಷ್ಟಿ ಒತ್ತಿ, ಮತ್ತೆ ನೀರು ಕುಡಿದ. ಅವಳು ಡಬ್ಬಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು.

"ಅಪ್ಪಾ," ಎಂದಳು ಗುಬ್ಬಿ, "ನಿಂಗೆ ತುತ್ತು ಸಿಕ್ಕೊಂಡು ಕೆಳಗೆ ಇಳಿಯಲ್ವಲ್ಲ, ಅದಕ್ಕೆ ಇದ್ರಲ್ಲಿ ಯಾವ ಔಷಧಿ?"