ನನ್ನ ಲೋಳಸರ, ಅವಳ ಬಾಗಿಲು

ಲೋಳಸರದ ಗಿಡವನ್ನು ಬೇರು ಮೇಲೆ, ಎಲೆ ಕೆಳಗೆ ಮಾಡಿ ಬಾಗಿಲಿಗೆ ಕಟ್ಟಿದರೆ ಮನೆಗೆ ಯಾರ ಕಣ್ಣೂ ತಾಗುವುದಿಲ್ಲ ಎಂದು ನಮ್ಮೂರು ಮಸೂತಿಯಲ್ಲಿ ನಂಬುತ್ತಾರೆ. ಇಂದ್ರಾಬಾಯಿಯ ಬಾಗಿಲಿನ ಲೋಳಸರ ನನ್ನ ಎರಡೂ ಕಣ್ಣುಗಳನ್ನು ಹೇಗೆ ತಡೆದುಕೊಂಡಿತೋ ಶಿವನೇ ಬಲ್ಲ.

ಇಂದ್ರಾಬಾಯಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಝಳಕಿಯಿಂದ ಮದುವೆಯಾಗಿ ಬಂದು ಮೂರು ವರ್ಷ. ನಾನು ಬಂದು ಹದಿನಾಲ್ಕು. ಅಷ್ಟು ವರ್ಷ ಅತ್ತೆ ಸಿದ್ದಲಿಂಗವ್ವನ ಕಾಲು ಒತ್ತಿದವಳು ನಾನು, ತಲೆಗೆ ಎಣ್ಣೆ ತಿಕ್ಕಿದವಳು ನಾನು. ಅತ್ತೆ ನಗುತ್ತಿದ್ದುದು ಮಾತ್ರ ಇಂದ್ರಾಬಾಯಿಯ ಮಾತಿಗೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ಎಪ್ಪತ್ತಾರರ ಯುಗಾದಿ ಅಮಾವಾಸ್ಯೆಗೆ ಅಣ್ಣತಮ್ಮಂದಿರು ಬೇರೆಯಾದರು. ನಡುವೆ ಗೋಡೆ ಎದ್ದು ಒಂದು ಮನೆಗೆ ಎರಡು ಬಾಗಿಲಾದವು. ಅತ್ತೆ ಯಾರ ಮನೆಯಲ್ಲಿರಬೇಕು? ಇಬ್ಬರೂ ಕರೆದೆವು. ಅವಳು ಹಿತ್ತಿಲಿಗೆ ಹೋಗಿ ಒಂದೇ ಬುಡದಿಂದ ಎರಡು ಲೋಳಸರ ಕಿತ್ತು ತಂದಳು.

"ಮಣ್ಣೆತ್ತಿನ ಅಮಾಸಿ ಬರೂದ್ರಾಗ ಯಾರ ಗಿಡ ಹೊಸಾ ಬೇರು ಬಿಡತೈತಿ, ನಾ ಅವರ ಮನ್ಯಾಗ ಇರ್ತೇನಿ. ಅಲ್ಲೀತನಕ ಒಂದಿನ ಇಲ್ಲಿ, ಒಂದಿನ ಅಲ್ಲಿ" ಎಂದಳು.

ಕೀಳುವಾಗ ಕುರ್ಪಿ ತಾಗಿ ಒಂದು ಗಿಡದ ಎಲೆ ಅರ್ಧಕ್ಕೆ ತುಂಡಾಗಿತ್ತು. "ತಗೋ ಸಾತವ್ವಾ" ಎಂದು ಆ ಗಿಡವನ್ನೇ ನನ್ನ ಕೈಗೆ ಕೊಟ್ಟಳು. ಅದಕ್ಕೂ ನನಗೆ ಸಿಟ್ಟು ಬಂತು.

ಬಿಡಲಿಲ್ಲ ನಾನು. ಬೇರಿಗೆ ಗೋಣಿತಟ್ಟು ಸುತ್ತಿ ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರು ಸುರಿದೆ. ಇಂದ್ರಾಬಾಯಿ ತನ್ನ ಗಿಡದತ್ತ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ತಡೆಯಲಾಗದೆ ಕೇಳಿದೆ, "ನಿನ್ನ ಗಿಡಕ್ಕ ನೀರು ಹಾಕೂದಿಲ್ಲೇನ?"

"ಅದರ ನೀರು ಅದರ ಎಲಿಯಾಗನ ಐತೆಕ್ಕಾ. ಬ್ಯಾಸಗ್ಯಾಗ ಸಣ್ಣ ಬೇರು ಒಣಗಿಸಿಕೊಂಡು ಸುಮ್ಮನ ಇರತೈತಿ. ಮಳಿ ಬಂದು ಗಾಳಿ ತಂಪಾತಂದ್ರ ತಾನ ಹೊಸಾ ಬೇರು ಬಿಡತೈತಿ. ನಮ್ಮಪ್ಪ ಡಬಗಳ್ಳಿ ಬೇಲಿ ಹಚ್ಚುಮುಂದ, ಕಡದ ತುಂಡಾ ಎಂಟು ದಿನಾ ನೆರಳಿಗಿಟ್ಟು, ಗಾಯ ಒಣಗಿದ ಮ್ಯಾಲ ನೆಡತಿದ್ದ. ಹಸಿ ಗಾಯಕ್ಕ ನೀರು ತಾಕಿದ್ರ ಕೊಳೀತೈತಿ."

ನನ್ನ ಗಿಡ ಒಣಗಿ ಸಾಯಲಿ ಎಂದು ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡು ಮರುದಿನದಿಂದ ಮೂರು ತಂಬಿಗೆ ಮಾಡಿದೆ.

ತಿಂಗಳ ಮೇಲೆ ಗೋಣಿ ಬಿಚ್ಚಿದರೆ ಗಬ್ಬು ವಾಸನೆ. ಬೇರು ಕಂದಾಗಿ, ಮುಟ್ಟಿದರೆ ಬೆಂದ ಉಳ್ಳಾಗಡ್ಡಿಯ ಸಿಪ್ಪೆಯಂತೆ ಜಾರಿ ಕೈಗೇ ಬಂತು. ಅವಳದು ಪಕ್ಕದಲ್ಲೇ ಹಸಿರಾಗಿ ತೂಗುತ್ತಿತ್ತು. ಮಧ್ಯಾಹ್ನ ಅವಳು ಹೊಲಕ್ಕೆ ಬುತ್ತಿ ಒಯ್ದಿದ್ದಳು, ಅತ್ತೆ ಗುಡಿಗೆ ಹೋಗಿದ್ದಳು. ಎರಡೂ ಗಿಡ ಬಿಚ್ಚಿ ಅದಲುಬದಲು ಕಟ್ಟಿದೆ. ಅವಸರದಲ್ಲಿ ಆ ಅರ್ಧ ಎಲೆಯ ನೆನಪೇ ಆಗಲಿಲ್ಲ.

ಹೊಲದಿಂದ ಬಂದ ಇಂದ್ರಾಬಾಯಿ ಗಿಡ ನೋಡಿದಳು, ನನ್ನನ್ನು ನೋಡಿದಳು. ಬಯ್ದಿದ್ದರೆ ನನಗೂ ಜಗಳಕ್ಕೆ ದಾರಿಯಾಗುತ್ತಿತ್ತು. ಕೊಳೆತದ್ದನ್ನೆಲ್ಲ ಬಿಳಿ ತಿರುಳು ಕಾಣುವವರೆಗೆ ಕೊಯ್ದು ತೆಗೆದು, ಒಲೆಯ ಬೂದಿ ಹಚ್ಚಿ, ಎಂಟು ದಿನ ನೆರಳಿನಲ್ಲಿ ಒಣಗಿಸಿ ಮತ್ತೆ ಕಟ್ಟಿದಳು. ಒಂದೂ ಬೇರಿಲ್ಲದ ಮೋಟು! ಅತ್ತೆ ಇನ್ನು ನನ್ನವಳೇ ಎಂದು ಒಳಗೊಳಗೇ ನಕ್ಕೆ.

ನನ್ನ ಬಾಗಿಲಿಗೆ ಬಂದ ಹಸಿರು ಗಿಡವನ್ನು ಸುಮ್ಮನೆ ಬಿಡಬಹುದಿತ್ತು. ಆದರೆ ಆ ಇಂದ್ರಾಬಾಯಿಯ ಮಾತು ಕೇಳಿದಂತಾಗುತ್ತದಲ್ಲ? ವಾರದಲ್ಲಿ ಮತ್ತೆ ಗೋಣಿ ಸುತ್ತಿ ನೀರು ಸುರಿಯತೊಡಗಿದೆ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಷ್ಟರಲ್ಲಿ ಎರಡು ಮಳೆ ಆಗಿದ್ದವು. ನನ್ನ ಬಾಗಿಲಲ್ಲಿ ದಾರಕ್ಕೆ ಬರೀ ಗೋಣಿತಟ್ಟು ಉಳಿದಿತ್ತು. ಗಿಡ ಹಿಂದಿನ ದಿನವೇ ಕೊಳೆತು ಕಳಚಿಬಿದ್ದಿತ್ತು. ಅತ್ತೆ ಇಂದ್ರಾಬಾಯಿಯ ಬಾಗಿಲಿಗೆ ನಡೆದಳು. ಅಲ್ಲಿ ತೂಗುತ್ತಿದ್ದ ಗಿಡ ಎಲೆಯ ನೀರನ್ನೇ ತಿಂದು ಬಡಕಲಾಗಿತ್ತು. ಆದರೆ ಬೂದಿ ಮೆತ್ತಿದ ಗಾಯದ ಸುತ್ತ ನಾಲ್ಕು ಹೊಸ ಬೇರು, ಹಾಲಿನಷ್ಟು ಬೆಳ್ಳಗೆ, ಬರೀ ಗಾಳಿಗೆ ಚಾಚಿಕೊಂಡಿದ್ದವು.

ಅತ್ತೆಯ ಬೆರಳು ಅರ್ಧ ಎಲೆಯ ಮೇಲೆ ನಿಂತಿತು.

"ಇದು ಕುರ್ಪಿ ತಾಗಿದ್ದ ಗಿಡ. ಸಾತವ್ವಗ ಕೊಟ್ಟಿದ್ದೆ. ಇಲ್ಲಿಗೆ ಹೆಂಗ ಬಂತು?"

ನಾನು ಬಾಯಿ ತೆರೆಯುವ ಮೊದಲೇ ಇಂದ್ರಾಬಾಯಿ ಹೇಳಿದಳು, "ಬಾಗಲದ ಜೇಡರ ಬಲಿ ಹೊಡ್ಯಾಕ ಎರಡೂ ಬಿಚ್ಚಿದ್ನಿರೀ ಅತ್ತಿ. ಕಟ್ಟುಮುಂದ ನಾನ ಬದಲಿ ಕಟ್ಟೇನಿ."

ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು! ಅತ್ತೆಯ ಕಣ್ಣು ಅವಳ ಮೇಲೆ ಎಷ್ಟು ಮೆತ್ತಗಾಯಿತು ಎಂದರೆ, ನನಗೆ ಅಡಿಯಿಂದ ಮುಡಿಯವರೆಗೆ ಬೆಂಕಿ ಹತ್ತಿತು. ಗಿಡದಲ್ಲೂ ಅವಳೇ ಮೇಲು, ಒಳ್ಳೆಯತನದಲ್ಲೂ ಅವಳೇ ಮೇಲು?

"ಸುಳ್ಳು!" ಎಂದು ಕೂಗಿದೆ. "ಬದಲಿ ಮಾಡಿದಾಕಿ ನಾನು! ಕೊಳಿಸಿದಾಕೀನೂ ನಾನು! ನಾ ಮಾಡಿದ ತಪ್ಪಾದ್ರೂ ನನಗಿರಲಿ, ಅದನ್ನೂ ಈಕೀಗಿ ಬಿಟ್ಟುಕೊಡಂಗಿಲ್ಲ ನಾ!"

ಅತ್ತೆ ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹದಿನಾಲ್ಕು ವರ್ಷದಲ್ಲಿ ಅವಳು ನನ್ನ ಮಾತಿಗೆ ನಕ್ಕಿದ್ದು ಅದೇ ಮೊದಲು. ನಗುತ್ತಲೇ ತನ್ನ ಬಟ್ಟೆಯ ಗಂಟು ಎತ್ತಿಕೊಂಡು ಇಂದ್ರಾಬಾಯಿಯ ಮನೆಯೊಳಗೆ ಹೋದಳು.